ಬೀಳುವ ಮುಂಚಿನ ಗಳಿಗೆ

ತುರ್ತು ಚಿಕಿತ್ಸಾ ವಿಭಾಗದ ಆ ಡಾಕ್ಟರಿಗೆ ನರ್ಸುಗಳು ಇಟ್ಟಿದ್ದ ಹೆಸರು ಪತ್ತೇದಾರಮ್ಮ. ಎಚ್ಚರ ತಪ್ಪಿ ಬಿದ್ದವರು ಬಂದರೆ ಸಾಕು, ಅವಳ ಕಣ್ಣು ಅರಳುತ್ತಿತ್ತು. ಬಿದ್ದವರನ್ನು ಬಿಟ್ಟು, ಬಿದ್ದದ್ದನ್ನು ನೋಡಿದವರ ಬೆನ್ನು ಹತ್ತುತ್ತಿದ್ದಳು. "ಬಿದ್ದೋರಿಗೇನ್ರೀ ಗೊತ್ತು? ಆಗ ಅವರು ಊರಲ್ಲೇ ಇರಲ್ಲ" ಎನ್ನುವಳು.

ಒಂದು ಮಧ್ಯಾಹ್ನ ದರ್ಜಿಯೊಬ್ಬ ಮೂಗಿಗೆ ಬಟ್ಟೆ ಒತ್ತಿಕೊಂಡು ಹೆಂಡತಿಯ ಜೊತೆ ಬಂದ. ಹೊಲಿಗೆ ಯಂತ್ರದ ಮುಂದೆ ಕೂತಿದ್ದವನು ಎಚ್ಚರ ತಪ್ಪಿ, ತುಸು ಹೊತ್ತಿಗೇ ತಾನಾಗಿ ಎದ್ದಿದ್ದ. ಬಿಪಿ, ಸಕ್ಕರೆ, ಇಸಿಜಿ ಎಲ್ಲ ಸರಿಯಾಗೇ ಇದ್ದವು.

"ಬೆಳಿಗ್ಗೆಯಿಂದ ಹೊಟ್ಟೆಗೇನೂ ಹಾಕಿಲ್ಲ ಡಾಕ್ಟ್ರೇ, ಅದಕ್ಕೇ. ಪಟ್ಟಿ ಹಾಕಿ ಕಳಿಸಿ. ಮದುವೆ ಗಂಡಿನ ಕೋಟಿಗೆ ಇನ್ನೂ ಒಂದು ತೋಳಿಲ್ಲ."

"ಅಕ್ಕಾ, ಇವರು ಬೀಳೋಕೆ ಮುಂಚೆ ಏನು ಮಾಡ್ತಿದ್ರು?"

"ಅಂಗಡೀಲಿ ಕೆಲಸಕ್ಕಿರೋ ನನ್ನ ತಮ್ಮನ್ನ ಬೈತಾ ಇದ್ರು. ಅರ್ಧ ಬೈಗುಳದಲ್ಲೇ ದೊಪ್ಪಂತ ಬಿದ್ರು."

"ಹೇಗೆ? ಮಾಡಿ ತೋರಿಸಿ."

"ಇವರನ್ನ ಕಟ್ಕೊಂಡು ಇದೊಂದು ಬಾಕಿ ಇತ್ತು!" ಎಂದು ಗೊಣಗುತ್ತ ಅವಳು ಸ್ಟೂಲಿನ ಮೇಲೆ ಕೂತಳು. ಕೈಗಳನ್ನು ತೊಡೆಯ ಮೇಲೇ ಬಿಟ್ಟು ಮೇಜಿನತ್ತ ಮುಖ ವಾಲಿಸಿದಳು.

ಪತ್ತೇದಾರಮ್ಮ ದರ್ಜಿಯ ಅಂಗೈ ತಿರುಗಿಸಿ ನೋಡಿದಳು. ಒಂದು ಗೀರಿಲ್ಲ. ಕೇಳಿದರೆ, ಬೀಳುವ ಮುಂಚೆ ಬೆವರಿಲ್ಲ, ಕಣ್ಣು ಕತ್ತಲೆ ಬಂದಿಲ್ಲ. ಕೈ ಅಡ್ಡ ಹಿಡಿಯುವಷ್ಟೂ ಪುರುಸೊತ್ತು ಸಿಗದೆ ಮುಖವೇ ಪೆಟ್ಟು ತಿಂದಿತ್ತು. ಅವಳ ಅನುಮಾನ ಹೊಟ್ಟೆಯನ್ನು ಬಿಟ್ಟು ಎದೆಗೆ ಏರಿತು.

"ಇಸಿಜಿ ತೆಗೆಯುವಾಗ ನಿಮ್ಮ ಹೃದಯ ಒಳ್ಳೇ ಹುಡುಗನ ಹಾಗೆ ಕೂತಿತ್ತು. ಆಮೇಲೇನು ಮಾಡುತ್ತೋ ನೋಡೋಣ. ಇವತ್ತು ಮನೆಗೆ ಹೋಗೋ ಹಾಗಿಲ್ಲ."

"ಮತ್ತೆ ಕೋಟು?"

"ಹೊಲಿಯೋಕೆ ನೀವಿರಬೇಕಲ್ಲ!" ಹೆಂಡತಿ ರೇಗಿದಳು.

ಎದೆಗೆ ತಂತಿ ಅಂಟಿಸಿ ಮಾನಿಟರಿನ ಪಕ್ಕ ಮಲಗಿಸಿದರು. ಪತ್ತೇದಾರಮ್ಮ ಸಿನಿಮಾ ನೋಡುವವಳಂತೆ ಬಂದು ಬಂದು ಇಣುಕಿದಳು. ಸಂಜೆ ದರ್ಜಿ ಮತ್ತೆ ಭಾವಮೈದುನನ ವಿಷಯ ಎತ್ತಿದ್ದ. ಪರದೆಯ ಗೆರೆ ಚಪ್ಪಟೆಯಾಯಿತು. ಮಾತೂ ನಿಂತಿತು. ಪತ್ತೇದಾರಮ್ಮ ಅವನ ಎದೆ ಒತ್ತಲು ಕೈಹಾಕುವಷ್ಟರಲ್ಲಿ ಗೆರೆ ಪುನಃ ಕುಣಿಯಿತು.

"ನಾನು ಎಲ್ಲೀವರೆಗೆ ಹೇಳಿದ್ದೆ?" ಎಂದ ದರ್ಜಿ.

ಮರುದಿನ ಪೇಸ್‌ಮೇಕರ್ ಕೂರಿಸಿದರು. ಕೋಟಿನ ತೋಳನ್ನು ಭಾವಮೈದುನನೇ ಹೊಲಿದ.

ಈಚೆಗೆ ಪತ್ತೇದಾರಮ್ಮ ಕಾಯಿಲೆಯಿಂದ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡಳು. ದರ್ಜಿ ಬಂದು ಅವಳ ಗಂಡನ ಪಕ್ಕ ಕೂತ. ಸಮಾಧಾನ ಹೇಳಲು ಬಾಯಿ ತೆರೆದ. ಅವಳದೇ ಪ್ರಶ್ನೆ ಹೊರಗೆ ಬಂತು.

"ಹೋಗೋಕೆ ಮುಂಚೆ ಡಾಕ್ಟ್ರಮ್ಮ ಏನು ಮಾಡ್ತಿದ್ರು ಸಾರ್?"

"ಪಕ್ಕದ ಮಂಚದೋರು ಹೇಗೆ ಬಿದ್ರು ಅಂತ ನರ್ಸನ್ನ ಕೇಳ್ತಿದ್ಲು. ಗೊತ್ತಿಲ್ಲ ಅಂದಿದ್ದಕ್ಕೆ, 'ನೋಡಿದೋರನ್ನ ಕರೀರಿ' ಅಂದ್ಲು."