ಉಲ್ಟಾ ಹಾಕಿದ ಬಾಣಗಳು

ಸೂರ್ಯನ ಮೇಲಿನ ಕಪ್ಪು ಕಲೆಗಳ ಸುತ್ತ ಕಾಂತಕ್ಷೇತ್ರ ಹಗ್ಗದ ಹಾಗೆ ಹುರಿಗೊಂಡಿರುತ್ತದೆ. ಆ ಹುರಿ ಎಡಕ್ಕೋ ಬಲಕ್ಕೋ, ಎಷ್ಟು ಬಿಗಿ ಅಂತ ಅಳೆಯುವುದು ನನ್ನ ಕೆಲಸ. ತುಮಕೂರಿನ ಕಾಲೇಜೊಂದರ ಮೂಲೆಕೋಣೆಯಲ್ಲಿ ಕೂತು ಸೂರ್ಯನನ್ನು ಅಳೆಯುತ್ತೇನೆ ಅಂದರೆ ನೆಂಟರು ನಗುತ್ತಾರೆ. ನಗಲಿ.

ಈ ಕೆಲಸದಲ್ಲೊಂದು ಪೀಕಲಾಟವಿದೆ. ಉಪಗ್ರಹದ ಚಿತ್ರ ಕ್ಷೇತ್ರದ ಗೆರೆಯನ್ನೇನೋ ತೋರಿಸುತ್ತದೆ, ಅದರ ತಲೆ ಯಾವ ಕಡೆ ಅಂತ ಹೇಳುವುದಿಲ್ಲ. ಬಾಣದ ಮೊನೆ ನಾವೇ ಹಾಕಬೇಕು. ಉಲ್ಟಾ ಹಾಕಿದರೆ ಎಡಹುರಿ ಬಲಹುರಿಯಾಗಿಬಿಡುತ್ತದೆ. ಬಹುಪಾಲು ಕಂಪ್ಯೂಟರೇ ಹಾಕುತ್ತದೆ. ಅನುಮಾನದ ಜಾಗಗಳನ್ನು ಕಣ್ಣಲ್ಲೇ ನೋಡಬೇಕು. ಅದಕ್ಕೇ ನಾನೂ ನನ್ನ ಗೆಳತಿಯೂ ಬೇರೆ ಬೇರೆ ಕೂತು ಮೊನೆ ಹಾಕಿ, ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ಜಗಳಕ್ಕೆ ಬೀಳುತ್ತಿದ್ದೆವು. ಗುಬ್ಬಿಯಿಂದ ದಿನಾ ಬಸ್ಸಲ್ಲಿ ಬರುತ್ತಿದ್ದ ಅವಳು ಬ್ಯಾಗ್ ಇಳಿಸುವ ಮೊದಲೇ, "ಕಣ್ಣು ಎಲ್ಲಿಟ್ಟಿದ್ಯೇ? ಪಕ್ಕದ ಬಾಣ ನೋಡೇ!" ಅಂತ ಶುರು ಮಾಡುತ್ತಿದ್ದಳು. ಹಾವು ಮುಂಗುಸಿ ಅಂತಲೇ ನಮ್ಮನ್ನು ಕರೆಯುತ್ತಿದ್ದರು. ಮಧ್ಯಾಹ್ನ ಅಮ್ಮಿ ನನಗೆ ಕಟ್ಟಿದ ಚಿತ್ರಾನ್ನದ ಡಬ್ಬಿಗೆ ಮೊದಲು ಕೈ ಹಾಕುತ್ತಿದ್ದವಳೂ ಅವಳೇ.

ಮದುವೆಯಾಗಿ ಕುಣಿಗಲ್‌ಗೆ ಹೋದಳು, ಮಗುವಾಯಿತು. ಫೋನು ಮಾಡಿದರೆ ಈಗಲೂ, "ಬರ್ತೀನಿ ಕಣೇ, ಮುಂದಿನ ತಿಂಗಳು," ಅನ್ನುತ್ತಾಳೆ. ಅವಳ ಕುರ್ಚಿಯ ಮೇಲೆ ನಾನು ಏನನ್ನೂ ಇಡುವುದಿಲ್ಲ. ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಿದ ಹಾಗಾಗಿದೆ ನನ್ನ ಕೆಲಸ. ನನಗೆ ಅವಳು ಬೇಕು, ಅವಳ ಬೈಗುಳ ಬೇಕು.

ಹೋದ ಭಾನುವಾರ ಕುಣಿಗಲ್ ಬಸ್ಸು ಹತ್ತಿದೆ, ಸೂರ್ಯನ ಹೊಸ ಕಲೆಯೊಂದರ ಚಿತ್ರ ಹಿಡಿದುಕೊಂಡು. ಅದರಲ್ಲಿ ಒಂದು ಸಾಲು ಬಾಣಗಳನ್ನು ಬೇಕೆಂದೇ ಉಲ್ಟಾ ಹಾಕಿದ್ದೆ. ಸುತ್ತಲಿನವೆಲ್ಲ ಒಂದು ಕಡೆ ಮುಖ ಮಾಡಿದ್ದರೆ ಅವು ಮಾತ್ರ ಎದುರಾಗಿ ನಿಂತಿದ್ದವು. ಮೊನ್ನೆ ಮೊನ್ನೆ ಸೇರಿದ ವಿದ್ಯಾರ್ಥಿಯೂ ಹಿಡಿಯುವಂಥ ತಪ್ಪು. ಒಮ್ಮೆ ರೇಗಿದರೆ ಸಾಕು, ಇವಳು ವಾಪಸು ಬಂದೇ ಬರುತ್ತಾಳೆ ಅಂದುಕೊಂಡಿದ್ದೆ.

ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಬಾಗಿಲು ತೆಗೆದಳು. ಕಾಫಿ ಕೊಟ್ಟಳು. ಒದ್ದೆ ಕೈಯನ್ನು ನೈಟಿಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಅವಳ ಬೆರಳು ಆ ಸಾಲಿನ ಮೇಲೆ ಬಂತು, ಹಾಗೇ ದಾಟಿಹೋಯಿತು.

"ಚೆನ್ನಾಗ್ ಮಾಡಿದ್ಯಾ ಕಣೇ," ಅಂದಳು. "ನೀನ್ ಹಾಕಿದ್ಮೇಲೆ ಸರಿಯಾಗೇ ಇರುತ್ತೆ ಬಿಡು. ಅಮ್ಮಿ ಹೆಂಗವ್ರೆ?"

ಚೆನ್ನಾಗಿದ್ದಾರೆ ಅಂದೆ. ಇಷ್ಟು ಒಳ್ಳೆಯ ಮಾತನ್ನು ಅವಳು ನನಗೆ ಹಿಂದೆಂದೂ ಆಡಿರಲಿಲ್ಲ.