ಬಟ್ಟಲ ಮೇಲೆ ಅಡ್ಡ ಇಟ್ಟ ಕಡ್ಡಿಗಳು

ನನ್ನ ಅತ್ತೆ ಯಾನ್ ಗ್ವೀಫೆನ್ ಕೋಪ ಬಂದಾಗ ಊಟ ಮಾಡುವುದಿಲ್ಲ. ಹಟಕ್ಕಲ್ಲ, ಮುನಿಸಿಗೂ ಅಲ್ಲ. ಅದು ಅವರ ಪಥ್ಯ. ಊಟದ ಕಡ್ಡಿಗಳನ್ನು ಬಟ್ಟಲ ಮೇಲೆ ಅಡ್ಡವಾಗಿಟ್ಟು ಎದ್ದು ಹೋಗಿ ಅಂಗಳ ಗುಡಿಸುತ್ತಾರೆ. ಮನಸ್ಸು ತಿಳಿಯಾದ ಮೇಲೆ ಬಂದು ಕೂರುತ್ತಾರೆ. ಅಷ್ಟರಲ್ಲಿ ಅನ್ನ ಆರಿರುತ್ತದೆ. ಆರಿದ್ದನ್ನು ಅವರು ಮುಟ್ಟುವುದಿಲ್ಲ, ಅದೂ ಪಥ್ಯವೇ. ಮತ್ತೆ ಬಿಸಿ ಮಾಡಬೇಕು. ಮಾಡುವವಳು ಯಾರು ಎಂದು ಬೇರೆ ಹೇಳಬೇಕೇ?

ಛಿಂಗ್‌ಚೆಂಗ್ ಬೆಟ್ಟದ ಮೇಲಿನ ತಾವೋ ಪಂಥದ ಮಂದಿರವೊಂದರ ಅಡುಗೆಮನೆಗೆ ಅತ್ತೆ ಸೊಪ್ಪು ತೊಳೆಯಲು ಸೇರಿದಾಗ ಅವರಿಗಿನ್ನೂ ಮದುವೆಯಾಗಿರಲಿಲ್ಲ. ಅಲ್ಲಿ ಒಲೆಯ ಉಸ್ತುವಾರಿ ಒಬ್ಬ ಮುದಿ ಸನ್ಯಾಸಿನಿಯದು. ಯಾರಾದರೂ ಮುಖ ಗಂಟಿಕ್ಕಿಕೊಂಡು ಬಂದರೆ ಆಕೆ ಮಾತಾಡದೆ ಕೈಗೆ ಪೊರಕೆ ಕೊಟ್ಟು ಮೆಟ್ಟಿಲು ಗುಡಿಸಲು ಕಳಿಸುತ್ತಿದ್ದರಂತೆ. ಮುಖ ಸಡಿಲವಾಗುವ ತನಕ ಒಲೆಯ ಹತ್ತಿರ ಬರುವಂತಿಲ್ಲ, ಊಟಕ್ಕೂ ಕೂರುವಂತಿಲ್ಲ.

"ಆ ಬೆಟ್ಟದ ಮೆಟ್ಟಿಲು ಕನ್ನಡಿ ಥರ ಹೊಳೀತಿದ್ವು. ನಮ್ಮ ಅಡುಗೆಮನೇಲಿ ಎಷ್ಟು ಜಗಳ ಇತ್ತು ಅಂತ ನೀನೇ ಲೆಕ್ಕ ಹಾಕು," ಎಂದು ಅತ್ತೆ ಈಗಲೂ ನಗುತ್ತಾರೆ.

ಆಮೇಲೆ ಬುಟ್ಟಿ ಹೆಣೆಯುವವನನ್ನು ಮದುವೆಯಾಗಿ ಬೆಟ್ಟದ ಬುಡಕ್ಕೆ ಇಳಿದರು. ಗಂಡ ಬೇಗ ತೀರಿಕೊಂಡ. ಮಂದಿರದಲ್ಲಿ, ಬೇರೆಯವರ ಮದುವೆಮನೆಗಳಲ್ಲಿ ಅಡುಗೆ ಮಾಡಿ ಮಗನನ್ನು ಬೆಳೆಸಿದರು. ಆ ಕಷ್ಟದಲ್ಲೂ ಪಥ್ಯ ಬಿಡಲಿಲ್ಲ. ಮುಕ್ಕಾಲು ಹೊಟ್ಟೆಗಿಂತ ಹೆಚ್ಚು ತಿನ್ನಲಿಲ್ಲ, ಸೆಕೆಗಾಲದಲ್ಲೂ ಬಿಸಿನೀರು ಬಿಟ್ಟು ಬೇರೇನೂ ಕುಡಿಯಲಿಲ್ಲ. ಅವರ ಪ್ರಕಾರ ಕೋಪ ಕೂರುವ ಜಾಗ ಈಲಿ, ಡಾಕ್ಟರು ಲಿವರ್ ಅನ್ನುತ್ತಾರಲ್ಲ, ಅದು. ಅದು ಕೆರಳಿದರೆ ಮೊದಲು ಹೊಟ್ಟೆಯನ್ನೇ ತುಳಿಯುತ್ತದೆ.

ಇರಲಿ, ಅವರ ಹೊಟ್ಟೆ, ಅವರ ಈಲಿ. ಚೆಂಗ್ಡುವಿನಲ್ಲಿ ಓದಿ ಬೆಳೆದ ನಾನು ಅದರ ಗೊಡವೆಗೆ ಹೋದವಳಲ್ಲ. ಆದರೆ ಇನ್ನೂ ಮೂರು ತುಂಬದ ನನ್ನ ಮಗಳು ಯಾಯಾಳ ತೂಕ ಏರುವುದು ನಿಂತುಹೋಯಿತು. ಮುಂದಿನ ಸಲವೂ ಹೀಗೇ ಇದ್ದರೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ತೂಕ ನೋಡಿದ ನರ್ಸ್ ಹೇಳಿಬಿಟ್ಟಳು. ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಗಂಜಿ, ಹಬೆಯಲ್ಲಿ ಬೇಯಿಸಿದ ಮೊಟ್ಟೆ, ಬೂದುಗುಂಬಳದ ಸಾರು ಹಿಡಿದು ಅವಳ ಹಿಂದೆ ಮನೆಯೆಲ್ಲ ಸುತ್ತುತ್ತೇನೆ. ಒಂದು ತುತ್ತಿಗೆ ಮುದ್ದು ಮಾಡುತ್ತೇನೆ, ಮುಂದಿನದಕ್ಕೆ ಕಿರುಚುತ್ತೇನೆ.

ಹೋದ ತಿಂಗಳು ಒಂದು ಮಧ್ಯಾಹ್ನ ಅತ್ತೆಯ ಜೊತೆ ಊಟಕ್ಕೆ ಕೂರಿಸಿದಾಗಲೂ ಕಿರುಚಿದೆ. ಯಾಯಾ ನನ್ನನ್ನೇ ದಿಟ್ಟಿಸಿ ನೋಡಿದಳು. ಚಮಚವನ್ನು ಬಟ್ಟಲ ಮೇಲೆ ಅಡ್ಡ ಇಟ್ಟಳು.

"ಸಿಟ್ಟು ಬಂದಿದೆ. ತಿನ್ನಲ್ಲ."

ಕುರ್ಚಿಯಿಂದ ಜಾರಿ ಇಳಿದು ಹೋಗಿ, ತನಗಿಂತ ಉದ್ದದ ಪೊರಕೆಯನ್ನು ಎಳೆಯತೊಡಗಿದಳು.

"ಅತ್ತೆ, ನೋಡಿದ್ರಾ ನಿಮ್ಮ ಶಿಷ್ಯೇನ?"

"ಅಯ್ಯೋ ನನ್ ಬಂಗಾರ! ಯಾರೂ ಹೇಳ್ಕೊಡದೇನೇ ಕಲ್ತಿದೆ."

"ಕಲ್ತೂ ಕಲ್ತೂ ಪೊರಕೆ ಕಡ್ಡಿ ಆಗಿದೆ!"

"ತುತ್ತು ತುತ್ತಿಗೂ ನೀನು ಗಂಟಲು ಹರ್ಕೊಂಡ್ರೆ ಮಗೂಗೆ ಸಿಟ್ಟು ಬರ್ದೆ ಇನ್ನೇನು ಬರುತ್ತೆ?"

"ಅಂದ್ರೆ ತಪ್ಪು ನಂದು?"

"ನಿಂದಲ್ಲ ಬಿಡಮ್ಮ. ನಿನ್ನ ಈಲೀದು."

ನನಗೆ ತಡೆಯಲಾಗಲಿಲ್ಲ. "ನಿಮಗೆ ಮೊಮ್ಮಗಳು ಮುಖ್ಯಾನೋ, ಆ ಮುದುಕಿ ಹೇಳಿದ ಪಥ್ಯ ಮುಖ್ಯಾನೋ? ನಾಳೆ ಇವಳನ್ನ ಆಸ್ಪತ್ರೇಲಿ ಮಲಗಿಸಿದ್ರೆ ಅಲ್ಲೂ ಅಂಗಳ ಗುಡಿಸ್ತಾ ಇರಿ!"

ಅತ್ತೆಯ ಮುಖ ಕೆಂಪಾಯಿತು. ಮುದಿ ಸನ್ಯಾಸಿನಿಯನ್ನು ಮುದುಕಿ ಎಂದವರು ಆ ಮನೆಯಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಕಡ್ಡಿಗಳನ್ನು ಬಟ್ಟಲ ಮೇಲೆ ಅಡ್ಡ ಇಟ್ಟರು. ಎದ್ದರು. ಬಾಗಿಲಲ್ಲಿ ಯಾಯಾ ಪೊರಕೆ ಹಿಡಿದು ಕಾಯುತ್ತಿದ್ದಳು, ಜೊತೆಗೆ ಗುಡಿಸುವುದಕ್ಕೆ.

ಅತ್ತೆ ಆ ಪೊರಕೆಯನ್ನು ನೋಡಿದರು. ಅದನ್ನು ಹಿಡಿದಿದ್ದ ಸಣಕಲು ಮಣಿಕಟ್ಟನ್ನು ನೋಡಿದರು. ನಿಂತೇ ಇದ್ದರು. ಆಮೇಲೆ ಧೊಪ್ಪನೆ ಕೂತು, ಕಡ್ಡಿಗಳನ್ನು ಎತ್ತಿಕೊಂಡು ಬಾಯಿತುಂಬ ಅನ್ನ ತುರುಕಿಕೊಂಡರು.

"ಅಜ್ಜಿ, ಸಿಟ್ಟು ಬಂದಿಲ್ವಾ?"

"ಬಂದಿದೆ. ತುಂಬಾ ಬಂದಿದೆ. ನಿಮ್ಮಮ್ಮನ ಮೇಲೆ."

"ಮತ್ತೆ ತಿಂತಿದ್ದೀಯ?"

"ಹ್ಞೂಂ, ಸಿಟ್ಟಲ್ಲೇ ತಿಂತಿದ್ದೀನಿ. ಬಾ, ನೀನೂ ಸಿಟ್ಟಲ್ಲೇ ತಿನ್ನು. ಹುಬ್ಬು ಗಂಟಿಕ್ಕು, ಹಾಂ, ಹಂಗೆ. ಈಗ ಅಗಿ." ನನ್ನ ಕಡೆ ತಿರುಗಿದರು. "ನೀನೇನು ಕಂಬದ ಥರ ನಿಂತಿದ್ದೀಯ? ಬೆಳಗ್ಗೆಯಿಂದ ನೀನೂ ಏನೂ ತಿಂದಿಲ್ಲ. ಬಾಯಿ ಮುಚ್ಕೊಂಡು ಕೂತು ತಿನ್ನು."

ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮೂವರೂ ಮುಖ ಊದಿಸಿಕೊಂಡು ಉಂಡೆವು. ಯಾಯಾಳ ಬಟ್ಟಲು ಖಾಲಿಯಾಯಿತು.

ಸಂಜೆಯವರೆಗೆ ಅತ್ತೆಗೆ ಬಿಕ್ಕಳಿಕೆ. ಬಿಕ್ಕಳಿಕೆ ಬಿಕ್ಕಳಿಕೆಗೂ ನನ್ನನ್ನು ನೋಡುತ್ತಿದ್ದರು. "ನಾನು, ಹಿಕ್, ಹೇಳಿರ್ಲಿಲ್ವಾ?" ಶುಂಠಿನೀರು ಕಾಯಿಸಿ ಕಾಯಿಸಿ ನನ್ನ ಕೈ ಸೋತಿತು.

ಯಾಯಾಳ ತೂಕ ಚೂರು ಏರಿದೆ. ಸಾಲದು, ಆದರೆ ಸದ್ಯಕ್ಕೆ ದೊಡ್ಡಾಸ್ಪತ್ರೆ ಬೇಡ ಎಂದಳು ನರ್ಸ್. ಈಗ ಬಟ್ಟಲು ಮುಂದಿಟ್ಟರೆ ಸಾಕು, ಮಗಳು ಹುಬ್ಬು ಗಂಟಿಕ್ಕಿ, "ಅಜ್ಜಿ, ಸಿಟ್ಟು ಮಾಡ್ಕೋ, ಊಟ ಮಾಡೋಣ," ಎನ್ನುತ್ತಾಳೆ. ಜೀವಮಾನವಿಡೀ ಸಮಾಧಾನದಲ್ಲೇ ಉಂಡ ಅತ್ತೆಗೆ ಹಾಗೆ ಕರೆದ ತಕ್ಷಣ ಸಿಟ್ಟು ಬರುವುದಿಲ್ಲ. ನನ್ನ ಕಡೆ ತಿರುಗಿ ನಿಟ್ಟುಸಿರು ಬಿಡುತ್ತಾರೆ.

"ಏನಾದ್ರೂ ಒಂದು ಮಾತಾಡಮ್ಮ."

ಅದೊಂದು ಕೆಲಸ ನನಗೆ ಎಂದೂ ಕಷ್ಟವಾಗಿಲ್ಲ.