ನಿಂಗಮ್ಮನಿಗೆ ಮತ್ತೆ ಮುಟ್ಟು ಬಂದದ್ದು

ಮುಟ್ಟು ನಿಂತಾಗ ನಿಂಗಮ್ಮನಿಗೆ ಖುಷಿಯೇ ಆಗಿತ್ತು. ಕುಶಾಲನಗರದ ಆಚೆ, ಅರಕಲಗೂಡು ಕಡೆಯಿಂದ ಬಂದು ನೆಲೆನಿಂತವರ ಊರು ಅವಳದು. ಅಲ್ಲಿ ಮಾರಮ್ಮನ ಗುಡಿಯಲ್ಲಿ ಮಂಗಳವಾರ ಮಂಗಳವಾರ ಮೊಸರನ್ನದ ಎಡೆ ಇಡುತ್ತಾರೆ. ಆ ಅನ್ನ ಬೇಯಿಸುವ ಕೈ ಮುಟ್ಟು ನಿಂತ ಹೆಂಗಸಿನದೇ ಆಗಬೇಕು. ಅಲ್ಲಿಯವರೆಗೆ ಬೇಯಿಸುತ್ತಿದ್ದ ಸಿದ್ದಮ್ಮನಿಗೆ ಮಂಡಿನೋವು ಹೆಚ್ಚಾಗಿ ಕೂರಲಾರದೆ ಹೋದಾಗ ಆ ಕೆಲಸ ನಿಂಗಮ್ಮನ ಪಾಲಿಗೆ ಬಂತು. ಶುಂಠಿ ಹೊಲದಲ್ಲಿ ಬಗ್ಗಿ ಬಗ್ಗಿ ಸೊಂಟ ಸವೆಸಿದವಳಿಗೆ ಊರು ಕೊಟ್ಟ ಮೊದಲ ಮರ್ಯಾದೆ ಅದು, ಬಿಡುತ್ತಾಳೆಯೇ? ಮಂಗಳವಾರ ಬಂತೆಂದರೆ ಗಂಡ ಕೆಂಪಣ್ಣ ತನ್ನ ಕಾಫಿ ತಾನೇ ಕಾಯಿಸಿಕೊಳ್ಳಬೇಕಿತ್ತು.

ಮುಟ್ಟೇನೋ ನಿಂತಿತು, ಅದರ ಬೆನ್ನಿಗೇ ಬೇರೆ ಕಾಟ ಶುರುವಾಯಿತು. ಇದ್ದಕ್ಕಿದ್ದಂತೆ ಎದೆಯಿಂದ ಬಿಸಿ ಏರಿ ಮುಖವೆಲ್ಲ ಕೆಂಪಾಗುವುದು, ಮೈಕೊರೆಯುವ ಚಳಿಯಲ್ಲೂ ಬೆವರುವುದು, ನಿದ್ದೆ ದೂರವಾಗುವುದು. ಅವಳು ಕಂಬಳಿ ಒದ್ದರೆ ಕೆಂಪಣ್ಣ ಎಳೆದುಕೊಳ್ಳುತ್ತಿದ್ದ. "ನಿನ್ನೊಳಗೇನು ಒಲೆ ಹತ್ತೈತೇನೆ?" ಎಂದು ಗೊಣಗುತ್ತಿದ್ದ.

ಅಂಥ ಹೊತ್ತಿನಲ್ಲಿ ಆರೋಗ್ಯ ಕೇಂದ್ರದ ಸಿಸ್ಟರ್ ಸೌಮ್ಯ ಮಹಿಳಾ ಸಂಘದ ಸಭೆಗೆ ಬಂದು ಮಾತಾಡಿದಳು.

"ಈಸ್ಟ್ರೋಜನ್ ಅಂತ ಒಂದು ಹಾರ್ಮೋನು. ಮುಟ್ಟು ನಿಲ್ಲೋ ಕಾಲಕ್ಕೆ ಅದು ಕಮ್ಮಿಯಾಗುತ್ತೆ, ಅದಕ್ಕೇ ಈ ಬಿಸಿ, ಬೆವರು ಎಲ್ಲ. ಮೈ ಬಳಸಿ ಬಿಟ್ಟ ಈಸ್ಟ್ರೋಜನ್ ಕರುಳಿಗೆ ಬರುತ್ತೆ. ಅಲ್ಲಿರೋ ಕೆಲವು ಬ್ಯಾಕ್ಟೀರಿಯಾಗಳು ಅದರಲ್ಲಿ ಒಂದಷ್ಟನ್ನ ರಕ್ತಕ್ಕೆ ವಾಪಸ್ ಕಳಿಸ್ತವೆ. ಸೊಪ್ಪು, ಕಾಳು, ಮೊಸರು ತಿಂದು ಕರುಳು ಚೆನ್ನಾಗಿಟ್ಕೊಳ್ಳಿ. ಆದ್ರೆ ಈಸ್ಟ್ರೋಜನ್ ಅತಿಯಾದ್ರೂ ಕಾಯಿಲೆಗೆ ದಾರಿ."

'ವಾಪಸ್ ಕಳಿಸ್ತವೆ' ಎಂಬುದು ನಿಂಗಮ್ಮನ ಕಿವಿಗೆ ಬಿತ್ತು. 'ಅತಿಯಾದ್ರೂ' ಎನ್ನುವಷ್ಟರಲ್ಲಿ ಅವಳು ಪಕ್ಕದ ಮನೆಯ ಶಕುಂತಲಮ್ಮನ ಜೊತೆ ಮೊಸರಿನ ಮಾತಿಗಿಳಿದಿದ್ದಳು.

ಅಂದಿನಿಂದ ಮೂರು ಹೊತ್ತೂ ಮೊಸರು, ದಂಟಿನ ಸೊಪ್ಪು, ಹುರುಳಿಕಾಳು. ಕೆಲವು ತಿಂಗಳಲ್ಲಿ ನಿದ್ದೆ ಹತ್ತಿತು. ಮೊಸರಿನಿಂದಲೋ, ಕಾಲ ಕಳೆದದ್ದರಿಂದಲೋ, ಯಾರಿಗೆ ಗೊತ್ತು? ನಿಂಗಮ್ಮನಿಗೆ ಮಾತ್ರ ಅನುಮಾನವಿರಲಿಲ್ಲ. ಬೆವರೊರೆಸಿಕೊಂಡು ಕೂತ ಹೆಂಗಸು ಕಂಡರೆ ಸಾಕು, ಹೆಪ್ಪಿಗೆಂದು ಲೋಟದಲ್ಲಿ ಮೊಸರು ಹಿಡಿದು ಹೊರಟುಬಿಡುತ್ತಿದ್ದಳು. ಶಕುಂತಲಮ್ಮನ ಮನೆಗೂ ಹೆಪ್ಪು ಹೋಯಿತು.

ಹೀಗಿರುವಾಗ, ಮುಟ್ಟು ನಿಂತು ಎರಡು ವರ್ಷ ದಾಟಿದ ಮೇಲೆ, ಒಂದು ಬೆಳಿಗ್ಗೆ ಸೀರೆಯಲ್ಲಿ ಕಲೆ ಕಂಡಿತು. ಮೊದಲು ದಿಗಿಲು. ಆಮೇಲೆ, ಹೇಳಿದರೆ ನಗುತ್ತೀರಿ, ಹೆಮ್ಮೆ. ಹೊಟ್ಟೆಯ ಬ್ಯಾಕ್ಟೀರಿಯಾ ತನ್ನ ಪ್ರಾಯವನ್ನೇ ವಾಪಸ್ ಕಳಿಸಿದೆ ಅಂದುಕೊಂಡಳು.

"ಮತ್ತೆ ಆಗೈತೆ ಕಣೇ," ಎಂದು ಶಕುಂತಲಮ್ಮನಿಗೆ ಬೇಲಿಯಾಚೆಯಿಂದಲೇ ಹೇಳಿದಳು.

"ಹಂಗಾರೆ ತೊಟ್ಟಿಲು ತೊಳ್ದಿಡು," ಎಂದಳು ಶಕುಂತಲಮ್ಮ.

ಎಡೆಯ ಅನ್ನ ಬೇಯಿಸುವ ಹಾಗಿರಲಿಲ್ಲ. ನಿಂಗಮ್ಮ ಕಳ್ಳತನ ಅರಿಯದವಳು. ಮುಟ್ಟು ನಿಂತು ಐದು ವರ್ಷವಾಗಿದ್ದ ಶಕುಂತಲಮ್ಮನಿಗೆ ಆ ಕೆಲಸ ವಹಿಸಿ, ಮಂಗಳವಾರ ತಾನು ಗುಡಿಯ ಪೌಳಿಯಾಚೆಯ ಕಲ್ಲಿನ ಮೇಲೆ ಕೂತಳು. ಬಿಪಿ ಮಾತ್ರೆ ಕೊಡಲು ಅದೇ ದಾರಿಯಲ್ಲಿ ಬಂದ ಸೌಮ್ಯ ಸ್ಕೂಟರ್ ನಿಲ್ಲಿಸಿದಳು.

"ಏನು ನಿಂಗಮ್ಮಕ್ಕ, ಇವತ್ತು ಹೊರಗೆ ಕೂತಿದ್ದೀರಿ?"

"ಹೊರಗಾಗಿದ್ದೀನಿ ಸಿಸ್ಟ್ರೆ. ನಿಮ್ಮ ಬ್ಯಾಕ್ಟೀರಿಯಾದ ಪುಣ್ಯ."

ಸೌಮ್ಯ ನಗಲಿಲ್ಲ. ಸ್ಕೂಟರಿನಿಂದಿಳಿದು ಅವಳ ಪಕ್ಕದಲ್ಲೇ ಕೂತಳು. "ಅಕ್ಕ, ನಿಂತು ವರ್ಷ ದಾಟಿದ ಮೇಲೆ ರಕ್ತ ಕಂಡ್ರೆ ಅದು ಮುಟ್ಟಲ್ಲ. ಮೊಸರು ತಿಂದ್ರೆ ಮುಟ್ಟು ವಾಪಸ್ ಬರಲ್ಲ. ಗರ್ಭಕೋಶದ ಒಳಗೇನೋ ಆಗಿರಬಹುದು. ಕ್ಯಾನ್ಸರೇ ಅಂತಲ್ಲ. ಆದ್ರೆ ನೋಡಿಸದೆ ಬಿಡೋ ಹಾಗಿಲ್ಲ."

"ನೀವೇ ತಾನೇ ಹೇಳಿದ್ದು?" ನಿಂಗಮ್ಮನಿಗೆ ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಭಯ. ಮನೆಗೆ ಹೋಗಿ ಕೆಂಪಣ್ಣನಿಗೆ ಹೇಳುವಾಗ ಸಿಟ್ಟು ಇಳಿದಿತ್ತು, ಭಯ ಮಾತ್ರ ಉಳಿದಿತ್ತು. ಅವನು ಏನೂ ಕೇಳದೆ ಗೂಟದಿಂದ ಅಂಗಿ ತೆಗೆದ.

ಮಡಿಕೇರಿಯ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿದರು. ಗರ್ಭಕೋಶದ ಒಳಪದರ ದಪ್ಪವಾಗಿದೆ, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಡಾಕ್ಟರಮ್ಮ ಕೇಳಿದರು: "ನಿಮ್ಮ ಮನೇಲಿ ಯಾರಿಗಾದ್ರೂ ಹೀಗಾಗಿತ್ತಾ?"

"ಇಲ್ಲ," ಎಂದವಳು ಅಲ್ಲಿಗೇ ತಡೆದಳು.

ಅವ್ವ ನೆನಪಾದಳು. ನಿಂಗಮ್ಮ ಹೊಸದಾಗಿ ಮದುವೆಯಾದ ಕಾಲ. ಅವ್ವನಿಗೂ ನಿಂತದ್ದು ಮತ್ತೆ ಬಂದಿತ್ತು. ಮುದುಕಿ ಎರಡನೇ ಸಲ ಮೈನೆರೆದಳು ಎಂದು ಹೆಂಗಸರೆಲ್ಲ ನಕ್ಕಿದ್ದರು, ನಿಂಗಮ್ಮನೂ ನಕ್ಕಿದ್ದಳು. ವರ್ಷ ತುಂಬುವುದರೊಳಗೆ ಅವ್ವ ರಕ್ತ ಹೋಗಿ ಹೋಗಿ ಬಿಳಿಚಿಕೊಂಡು ತೀರಿಕೊಂಡಳು. ಮಾರಮ್ಮನ ಮುನಿಸು ಎಂದರು. ಹೌದೆಂದು ಎಲ್ಲರೂ ಒಪ್ಪಿಕೊಂಡರು.

ಡಾಕ್ಟರಮ್ಮನ ಮುಂದೆ ಅದನ್ನೆಲ್ಲ ಹೇಳುವಾಗ ನಿಂಗಮ್ಮ ಅತ್ತಳು. ಇಷ್ಟು ವರ್ಷದಲ್ಲಿ ಅವ್ವನಿಗಾಗಿ ಹಾಗೆ ಅತ್ತಿರಲಿಲ್ಲ.

ವರದಿ ಬರುವವರೆಗಿನ ದಿನಗಳು ಹೇಗೆ ಕಳೆದವೋ ಗಂಡ ಹೆಂಡತಿಗೇ ಗೊತ್ತು. ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಆಗುವ ಹಾದಿಯಲ್ಲಿತ್ತು. ಗರ್ಭಕೋಶ ತೆಗೆದರು. "ಮೊಸರು ತಿಂದದ್ದಕ್ಕೆ ಆಗಿದ್ದಲ್ಲ, ತಿನ್ನಿ," ಎಂದರು ಡಾಕ್ಟರಮ್ಮ. "ಈಸ್ಟ್ರೋಜನ್ ಅತಿಯಾದ್ರೆ ಈ ಪದರ ಬೆಳೆಯುತ್ತೆ. ಮೈತೂಕದ್ದು ಅದರಲ್ಲಿ ದೊಡ್ಡ ಪಾಲು. ಕರುಳಿನ ಬ್ಯಾಕ್ಟೀರಿಯಾದ್ದು ಎಷ್ಟು ಅಂತ ಇನ್ನೂ ಹುಡುಕ್ತಿದ್ದಾರೆ."

ಗಾಯ ಮಾಗಿ ಓಡಾಡುವಂತಾದ ಮೇಲೆ ಒಂದು ಮಂಗಳವಾರ ನಿಂಗಮ್ಮ ಗುಡಿಗೆ ಹೋದಳು. ಒಲೆಯ ಮುಂದೆ ಶಕುಂತಲಮ್ಮ ಅನ್ನ ತಿರುವುತ್ತಿದ್ದಳು. ಸುತ್ತ ಹೆಂಗಸರು.

"ಬಾರೇ, ನಿನ್ನ ಸೌಟು ಹಿಡ್ಕೋ. ಇನ್ಮೇಲೆ ನಿನಗೆ ಯಾವ ಅಡ್ಡೀನೂ ಇಲ್ಲ," ಎಂದಳು ಸಿದ್ದಮ್ಮ.

"ಸೌಟು ಇರ್ಲಿ. ಮೊದ್ಲು ಒಂದು ಮಾತು ಕೇಳಿ," ಎಂದಳು ನಿಂಗಮ್ಮ. ತನಗಾದದ್ದನ್ನು ಹೇಳಿದಳು. ಅವ್ವನ ಕಥೆಯನ್ನೂ, ತಾನು ನಕ್ಕದ್ದನ್ನೂ ಹೇಳಿದಳು. "ನಿಂತಿದ್ದು ಮತ್ತೆ ಕಾಣಿಸ್ಕೊಂಡ್ರೆ ಅದು ಪ್ರಾಯ ಅಲ್ಲ, ನಗೋ ಮಾತೂ ಅಲ್ಲ. ಒಂದು ಹನಿ ಆದ್ರೂ ಮುಚ್ಚಿಡಬ್ಯಾಡಿ. ನಮ್ಮವ್ವ ಮುಚ್ಚಿಟ್ಟಿರ್ಲಿಲ್ಲ, ನಾವು ನಕ್ಕು ಸುಮ್ನಾದ್ವಿ."

ಅನ್ನ ಕುದಿಯುತ್ತಿತ್ತು.

ಶಕುಂತಲಮ್ಮ ಸೌಟನ್ನು ಪಾತ್ರೆಯ ಮುಚ್ಚಳದ ಮೇಲೆ ಇಟ್ಟಳು. ಎದ್ದು, ಯಾರ ಮುಖವನ್ನೂ ನೋಡದೆ, ದೇವಿಗೆ ಕೈಮುಗಿದು, ಪೌಳಿ ದಾಟಿ ಹೋಗಿ ಹೊರಗಿನ ಕಲ್ಲಿನ ಮೇಲೆ ಕೂತಳು.

ನಿಂಗಮ್ಮ ಹಿಂದೆಯೇ ಹೋಗಿ ಪಕ್ಕದಲ್ಲಿ ಕೂತಳು.

"ಯಾವಾಗಿಂದ?"

"ಯುಗಾದಿಯಿಂದ," ಎಂದಳು ಶಕುಂತಲಮ್ಮ. "ಅಮ್ಮನ ಎಡೆ ಮುಟ್ಟಿಬಿಟ್ಟಿದ್ದೀನಲ್ಲ, ಯಾವ ಬಾಯಲ್ಲಿ ಹೇಳ್ಲಿ?"

"ಅಮ್ಮನೂ ಹೆಂಗ್ಸೇ ಕಣೇ," ಎಂದು ನಿಂಗಮ್ಮ ಅವಳ ಕೈ ಹಿಡಿದುಕೊಂಡಳು. "ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋಗಣ. ನಾನೂ ಬತ್ತೀನಿ."